ಹದಿನಾರು ದೀಪ, ಹದಿನಾರು ಬೊಟ್ಟು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ನನಗಿನ್ನೂ ಮೂವತ್ತಾರು. ಆದರೆ ನಾನು ಮಾಡುತ್ತಿದ್ದ ಕೆಲಸ ನನಗಿಂತ ಮೊದಲೇ ನಿವೃತ್ತವಾಯಿತು, ಅದರ ಹಿಂದೆಯೇ ನಾನೂ ಹೊರಬಂದೆ. ಹನ್ನೊಂದು ವರ್ಷ ಮುಂಬಯಿಯ ಅಂಧೇರಿಯಲ್ಲಿ ಒಂದು ಎಡಿಟಿಂಗ್ ಸ್ಟುಡಿಯೊದಲ್ಲಿ ಸ್ಟೋರೇಜ್ ನೋಡಿಕೊಳ್ಳುತ್ತಿದ್ದೆ. ಇಂಥದೇ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಫೋನ್ ಮಾಡಿ, ಅಲ್ಲಿ ದಿನವಿಡೀ ಮಾಡುವುದಾದರೂ ಏನು ಎಂದು ಕೇಳುತ್ತಾರೆ. ಕೋರ್ಸಿನಲ್ಲಿ ಕಲಿಸಿದ್ದನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ಅಲ್ಲಿ ಹೇಳದೆ ಬಿಟ್ಟದ್ದನ್ನು ಬರೆಯುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು ನನ್ನ ತಪ್ಪುಗಳೇ.

ನಮ್ಮಲ್ಲಿ ಹನ್ನೆರಡು ಎಡಿಟಿಂಗ್ ಕೋಣೆಗಳಿದ್ದವು. ಧಾರಾವಾಹಿ, ಜಾಹೀರಾತು, ಅಡುಗೆ ಕಾರ್ಯಕ್ರಮ, ಹೀಗೆ ಚಿತ್ರೀಕರಿಸಿ ತಂದದ್ದೆಲ್ಲ ಒಂದೇ ಜಾಗದಲ್ಲಿ ಇರುತ್ತಿತ್ತು. ಆ ಜಾಗವೆಂದರೆ ಹದಿನಾರು ಹಾರ್ಡ್ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸಿದ ಒಂದು ಕಬ್ಬಿಣದ ಪೆಟ್ಟಿಗೆ. ಹನ್ನೆರಡು ಕೋಣೆಯವರೂ ಏಕಕಾಲಕ್ಕೆ ಅದರಿಂದಲೇ ತೆಗೆದುಕೊಂಡು ಅದಕ್ಕೇ ತುಂಬಿಸುತ್ತಿದ್ದರು. ಬಿಲ್ಡಿಂಗಿನ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ನಲ್ಲಿಯಲ್ಲಿ ನೀರು ಬರುತ್ತಿರುವವರೆಗೆ ಟ್ಯಾಂಕ್ ತೊಳೆಯುವವರು ಯಾರೆಂದು ಯಾರೂ ಕೇಳುವುದಿಲ್ಲ. ನಾನು ಟ್ಯಾಂಕ್ ತೊಳೆಯುವವಳು.

ಮುಲುಂಡ್‌ನಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಕೆಳಮನೆಯ ಆಂಟಿಗೆ ಇದನ್ನು ಎಷ್ಟು ವಿವರಿಸಿದರೂ ಪ್ರಯೋಜನವಾಗಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, "ನೀನು ಸೀರಿಯಲ್‌ನವರ ಆಫೀಸಲ್ಲಿ ಅಲ್ವಾ? ಆ ದೊಡ್ಡ ಸೊಸೆ ಬದುಕ್ತಾಳಾ ಇಲ್ವಾ, ಅಷ್ಟು ಹೇಳು ಸಾಕು" ಎನ್ನುತ್ತಿದ್ದರು.

"ಅದು ನನಗೆ ಗೊತ್ತಿಲ್ಲ ಆಂಟಿ. ಅವಳು ಎಷ್ಟು ಜಾಗ ತಿಂತಾಳೆ ಅಂತ ಮಾತ್ರ ಗೊತ್ತು."

"ತಿನ್ನಲಿ ಪಾಪ. ಅತ್ತೆ ಮನೇಲಿ ಏನೂ ಕೊಡೋದಿಲ್ಲ ಅವಳಿಗೆ."

ಕೆಲಸ ಕಲಿಸಿದವರು ಭಾಸ್ಕರ್ ಸರ್, ನಮ್ಮ ಚೀಫ್ ಎಂಜಿನಿಯರ್. ಉಡುಪಿ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದು, ಹೋಟೆಲಿನ ಟಿವಿ ಬಿಚ್ಚಿ ಜೋಡಿಸುತ್ತ ಈ ದಾರಿಗೆ ತಿರುಗಿದವರು. ಟೇಪುಗಳ ಕಾಲದಿಂದ ಇದ್ದರು. ಮೊದಲ ದಿನ ನನ್ನ ಕೈಯನ್ನು ಪೆಟ್ಟಿಗೆಯ ಮೇಲೆ ಇಡಿಸಿದರು.

"ಕೇಳ್ತಾ ಉಂಟಾ?"

"ಏನು ಸರ್?"

"ಅದೇ. ಎಂಥದೂ ಕೇಳ್ಬಾರ್ದು. ಗುಂಯ್ ಅಂತ ಒಂದೇ ಸಮ ಇರ್ಬೇಕು. ಸ್ವರ ಬದಲಾಯ್ತಾ, ನನ್ನನ್ನು ಕರಿ. ನೀನಾಗಿ ಎಂಥದೂ ಮಾಡ್ಲಿಕ್ಕೆ ಹೋಗ್ಬೇಡ."

ನಾನು ಎಂಎಸ್ಸಿ ಮಾಡಿದ್ದೆ. ಕೈಯಿಟ್ಟು ನೋಡುವುದು ವೈದ್ಯರ ಕೆಲಸ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೂರು ತಿಂಗಳಲ್ಲಿ ನಾನೂ ಪ್ರತಿದಿನ ಬೆಳಿಗ್ಗೆ ಬ್ಯಾಗ್ ಇಡುವ ಮೊದಲೇ ಪೆಟ್ಟಿಗೆಯ ಮೇಲೆ ಕೈಯಿಡುತ್ತಿದ್ದೆ.

ಆಮೇಲೆ ದೀಪಗಳ ಎಣಿಕೆ. ಪ್ರತಿ ಡಿಸ್ಕಿನ ಮೂತಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಎರಡು ಗಾಜುಗಳಿರುತ್ತವೆ. ಮೇಲಿನದರಲ್ಲಿ ಹಸಿರು ದೀಪ, ಕರೆಂಟ್ ಇರುವವರೆಗೆ, ಡಿಸ್ಕ್ ಕೆಟ್ಟರೂ ಉರಿಯುತ್ತಿರುತ್ತದೆ. ಕೆಳಗಿನದು ಕತ್ತಲೆ. ಡಿಸ್ಕ್ ಕೆಟ್ಟರೆ ಮಾತ್ರ ಅಲ್ಲಿ ಹಳದಿ ಹತ್ತುತ್ತದೆ. ಹದಿನಾರು ಹಸಿರು ಇವೆ, ಹಳದಿ ಒಂದೂ ಇಲ್ಲ ಎಂದು ನೋಡಿ ರಿಜಿಸ್ಟರಿನಲ್ಲಿ 'ಸರಿ' ಎಂದು ಬರೆದು ಸಹಿ ಮಾಡಬೇಕು. ಹನ್ನೊಂದು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ದಿನವೂ ಅದು ಸರಿಯಾಗಿಯೇ ಇತ್ತು. ಈ ಕೆಲಸದ ದೊಡ್ಡ ಕಷ್ಟ ಅದೇ.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಐದನೆಯ ಡಿಸ್ಕ್ ಕೆಟ್ಟಿದೆ ಎಂದು ಕಂಪ್ಯೂಟರ್ ಹೇಳಿತು. ನಾನು ಎಡದಿಂದ ಎಣಿಸಿ ಐದನೆಯದನ್ನು ಎಳೆದು ತೆಗೆದೆ. ಆ ಪೆಟ್ಟಿಗೆ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ತೆಗೆದದ್ದು ಚೆನ್ನಾಗಿದ್ದ ಡಿಸ್ಕ್. ಕೆಟ್ಟದ್ದು ಪಕ್ಕದಲ್ಲಿ ಹಳದಿ ದೀಪ ಹತ್ತಿಸಿಕೊಂಡು ಕೂತಿತ್ತು. ಕಣ್ಣೆದುರಿನ ದೀಪ ಬಿಟ್ಟು ನಾನು ಅಂಕಿಯನ್ನು ನಂಬಿದ್ದೆ. ಪುಣ್ಯಕ್ಕೆ ಅಂಥ ಪೆಟ್ಟಿಗೆಗಳು ಹದಿನಾರರಲ್ಲಿ ಎರಡು ಡಿಸ್ಕ್ ಹೋದರೂ ಉಳಿದ ಹದಿನಾಲ್ಕರಿಂದ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತವೆ. ಮೂರನೆಯದು ಹೋದರೆ ಎಲ್ಲವೂ ಹೋದಂತೆ.

ಭಾಸ್ಕರ್ ಸರ್ ಬೈಯಲಿಲ್ಲ. ಕೈಯಲ್ಲಿದ್ದ ಡಿಸ್ಕನ್ನು ನೋಡಿ, "ಒಳ್ಳೆಯ ಹಲ್ಲು ಕಿತ್ತೆಯಲ್ಲ ಮಾರಾಯ್ತಿ" ಎಂದರು. "ಇನ್ನು ಮುಂದೆ ಕಣ್ಣಲ್ಲಿ ನೋಡು. ಮೇಲ್ ಬರ್ತದೆ, ಸ್ಕ್ರೀನ್ ಹೇಳ್ತದೆ, ಎಲ್ಲ ಸರಿ. ಆದ್ರೆ ದೀಪ ಸುಳ್ಳು ಹೇಳೂದಿಲ್ಲ."

ಆ ಮಾತನ್ನು ನಾನು ಹತ್ತು ವರ್ಷ ಪಾಲಿಸಿದೆ. ಅದರಿಂದಲೇ ಒಮ್ಮೆ ಸಿಕ್ಕಿಬಿದ್ದೆ.

ಅದಕ್ಕೆ ಮೊದಲು ಶನಿವಾರದ ಪಟ್ಟಿಯ ಬಗ್ಗೆ ಹೇಳಬೇಕು. ಪೆಟ್ಟಿಗೆ ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ಕೆಲಸ ನಿಧಾನವಾಗುತ್ತದೆ. ಎಡಿಟರುಗಳು ತಾವಾಗಿ ಏನನ್ನೂ ಅಳಿಸುವುದಿಲ್ಲ. ಅದಕ್ಕೆ ನಾನು ತೊಂಬತ್ತು ದಿನಗಳಿಂದ ಯಾರೂ ಮುಟ್ಟದ ಫೋಲ್ಡರುಗಳ ಪಟ್ಟಿ ಮಾಡಿ, ಪ್ರತಿ ಶನಿವಾರ ಪ್ಯಾಂಟ್ರಿಯ ಬಾಗಿಲಿಗೆ ಅಂಟಿಸುತ್ತಿದ್ದೆ. ಚಹಾಕ್ಕೆ ಬಂದವರು ತಮ್ಮ ಫೋಲ್ಡರಿನ ಮುಂದೆ 'ಇರಲಿ' ಅಥವಾ 'ಅಳಿಸಿ' ಎಂಬ ಖಾನೆಯಲ್ಲಿ ಗುರುತು ಹಾಕಬೇಕು. ಮೂರನೆಯ ಖಾನೆ, 'ಇನ್ನೊಂದು ಕಾಪಿ ಇದೆಯೇ?' ಅದಕ್ಕೆ ಅವರು ಹೇಳಿದ ಉತ್ತರವನ್ನು ನಾನು ಬರೆದುಕೊಂಡು, ಅಳಿಸುವಾಗ ರಿಜಿಸ್ಟರಿನ ಅದೇ ಖಾನೆಗೂ ಏರಿಸುತ್ತಿದ್ದೆ. ಎಲ್ಲರೂ ಇದೆ ಎಂದೇ ಹೇಳುತ್ತಿದ್ದರು. ಇಮೇಲ್ ಕಳಿಸಿದರೆ ಯಾರೂ ಓದುತ್ತಿರಲಿಲ್ಲ. ಚಹಾದ ಬಾಗಿಲನ್ನು ಓದದೆ ಒಳಗೆ ಹೋಗುವಂತಿರಲಿಲ್ಲ. ಕಂಪ್ಯೂಟರಿನ ಕೆಲಸಕ್ಕೆ ನಾನು ಕಂಡುಕೊಂಡ ಅತ್ಯುತ್ತಮ ಉಪಕರಣ ಆ ಬಾಗಿಲು.

ಈ ಪಟ್ಟಿಯಲ್ಲಿ ಎಂದೂ ಬಾರದ ಒಂದು ಫೋಲ್ಡರ್ ಇತ್ತು. ಹೆಸರು 'ಮ್ಯೂಸಿಕ್ ರೆಫರೆನ್ಸ್, ಬಸವರಾಜ'. ಬಸವರಾಜ್ ಏಳನೆಯ ಕೋಣೆಯ ಎಡಿಟರ್, ವಿಜಯಪುರದ ಕಡೆಯವರು. ಅವರ ಆ ಸಂಗೀತ ಒಂದು ಇಡೀ ಧಾರಾವಾಹಿಯಷ್ಟು ಜಾಗ ಹಿಡಿದಿತ್ತು. ಯಾಕೆ ಪಟ್ಟಿಗೆ ಬರುವುದಿಲ್ಲ ಎಂದು ನೋಡಿದೆ. ಪ್ರತಿ ಶುಕ್ರವಾರ ಊಟವಾದ ಮೇಲೆ, ಎರಡು ಗಂಟೆಯ ಸುಮಾರಿಗೆ, ಅದರೊಳಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಬಂದು ಕೂರುತ್ತಿತ್ತು. ಬರೀ ತಾರೀಖು ತಾಜಾ ಮಾಡಲಿಕ್ಕೆ. ಬಾಲ್ಕನಿಯ ತುಳಸಿಗೆ ನೀರು ಹಾಕಿದ ಹಾಗೆ, ತಪ್ಪದೆ.

ಒಳಗೆ ಏನಿದೆ ಎಂದು ನಾನು ತೆರೆದು ನೋಡಲಿಲ್ಲ. ಇನ್ನೊಬ್ಬರ ಫೋಲ್ಡರ್ ತೆರೆಯುವ ಅಧಿಕಾರ ಇರುವವರು ಅದನ್ನು ಬಳಸದಿರುವುದೂ ಕೆಲಸದ ಭಾಗ ಎಂದು ನನ್ನ ನಂಬಿಕೆ. ಬಸವರಾಜ್ ಅವರನ್ನೇ ಕೇಳಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು.

"ಮೇಡಂ, ಅದು ಮ್ಯೂಸಿಕ್ ಅಲ್ರೀ."

"ಅಷ್ಟು ಗೊತ್ತಾಯಿತು."

"ನಂದೊಂದು ಪಿಕ್ಚರ್ ಐತ್ರಿ. ಡಾಕ್ಯುಮೆಂಟರಿ. ನಮ್ಮ ಮಲ್ಲಪ್ಪ ಕಾಕಾ ಅಂತ, ಬೈಕುಲ್ಲಾದಾಗ ತಕ್ಕಡಿ ರಿಪೇರಿ ಮಾಡ್ತಿದ್ರು. ಮಾರ್ಕೆಟ್‌ನ ಎಲ್ಲಾ ತಕ್ಕಡಿ ಅವ್ರ ಕೈಯಾಗ ಹಾದೇ ಹೋಗಬೇಕ್ರಿ. ನಾ ಮುಂಬೈಗೆ ಬಂದಾಗ ಎರಡು ವರ್ಷ ಅವ್ರ ವರ್ಕ್‌ಶಾಪ್ ಮ್ಯಾಲೇ ಮಲಗೀನಿ. ಅವ್ರ ಕೆಲಸಾನ ಮೂರು ವರ್ಷ ಶೂಟ್ ಮಾಡೀನ್ರಿ, ಸಂಡೇ ಸಂಡೇ."

"ಈಗಲೂ ಶೂಟ್ ಮಾಡುತ್ತಿದ್ದೀರಾ?"

"ಎಲ್ಲಿಂದ್ರೀ. ವರ್ಕ್‌ಶಾಪ್ ಕೆಡವಿದ್ರು, ಬಿಲ್ಡಿಂಗ್ ಬರಾಕತ್ತೈತಿ. ಕಾಕಾ ಆಂಟಾಪ್ ಹಿಲ್‌ನಾಗ ಮಗಳ ಮನ್ಯಾಗ ಅದಾರ. ಕೈ ನಡುಗತಾವ್ರಿ. ಚಹಾದ ಕಪ್ಪೂ ಎರಡೂ ಕೈಲೇ ಹಿಡೀತಾರ. ಫೋನ್ ಮಾಡಿದಾಗೊಮ್ಮೆ ಒಂದ ಮಾತು, ನನ್ನ ಪಿಕ್ಚರ್ ಮುಗೀತೇನೋ ಬಸ್ಯಾ ಅಂತ."

ಸ್ವಂತದ್ದನ್ನು ಕಂಪನಿಯ ಸ್ಟೋರೇಜಿನಲ್ಲಿ ಇಡಬಾರದು ಎಂಬುದು ನಿಯಮ. ಗಿರಾಕಿಗಳ ಕೆಲಸ ಮಾತ್ರ ಪ್ರತಿ ಸಂಜೆ ಬೇರೆ ಕಡೆಗೆ ಬ್ಯಾಕಪ್ ಆಗುತ್ತಿತ್ತು. ಇಂಥ ಫೋಲ್ಡರ್ ಆಗುತ್ತಿರಲಿಲ್ಲ. ನಿಯಮದ ಪ್ರಕಾರ ನಾನು ಅಂದೇ ವರದಿ ಮಾಡಬೇಕಿತ್ತು. ಮಾಡಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ.

"ಇನ್ನೊಂದು ಕಾಪಿ ಇದೆಯಲ್ಲ?"

"ಐತ್ರಿ, ಮನ್ಯಾಗ."

ನನ್ನ ನೋಟ್‌ಬುಕ್ಕಿನಲ್ಲಿ 'ಇದೆ' ಎಂದು ಬರೆದುಕೊಂಡೆ. ಶುಕ್ರವಾರದ ಖಾಲಿ ಫೈಲುಗಳು ಬರುತ್ತಲೇ ಇದ್ದವು. ನಾನು ನೋಡಿಯೂ ನೋಡದಂತೆ ಇದ್ದೆ.

ಈಗ ಆಯುಧ ಪೂಜೆ. ನಮ್ಮ ಸ್ಟುಡಿಯೊದಲ್ಲಿ ಗುಜರಾತಿ, ಮರಾಠಿ, ಬಿಹಾರಿ ಎಲ್ಲರೂ ಇದ್ದರೂ ಯಂತ್ರಗಳ ಪೂಜೆಯ ಹೊಣೆ ಭಾಸ್ಕರ್ ಸರ್ ಅವರದೇ. ಚೆಂಡುಹೂವಿನ ಮಾಲೆಯನ್ನು ಎಲ್ಲ ಕಂಪ್ಯೂಟರಿಗೂ ಹಾಕಲು ಬಿಡುತ್ತಿದ್ದರು, ಸ್ಟೋರೇಜ್ ಪೆಟ್ಟಿಗೆಗೆ ಮಾತ್ರ ಇಲ್ಲ. ಹಿಂದೊಮ್ಮೆ ಎಸಳುಗಳನ್ನು ಒಳಗಿನ ಫ್ಯಾನ್ ಎಳೆದುಕೊಂಡು ಮೂರು ದಿನ ಕಟಕಟ ಎಂದಿತ್ತಂತೆ. ಅಕ್ಷತೆಯೂ ನಿಷಿದ್ಧ. ಹಾಗಾಗಿ ಅದಕ್ಕೆ ಕುಂಕುಮ ಮಾತ್ರ. ಆ ವರ್ಷ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಡಿಪಾರ್ಟ್‌ಮೆಂಟ್, ನೀನೇ ಹಚ್ಚು" ಎಂದರು.

ನಾನು ಏನು ಮಾಡಿದರೂ ನೇರವಾಗಿ, ಅಳತೆಗೆ ಸರಿಯಾಗಿ ಮಾಡುವವಳು. ಹಾಗೆ ಇರುವುದು ಒಳ್ಳೆಯದೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ಹದಿನಾರು ಡಿಸ್ಕಿಗೂ ಬೊಟ್ಟು ಒಂದೇ ಸಾಲಿನಲ್ಲಿ ಬರಬೇಕು. ಎಲ್ಲಿ ಇಡುವುದು ಎಂದು ನೋಡಿದರೆ ಪ್ರತಿಯೊಂದರಲ್ಲೂ ಒಂದೇ ಜಾಗದಲ್ಲಿ ಗುಂಡಗೆ ಒಂದು ಗುರುತು ತಯಾರಾಗಿಯೇ ಇತ್ತು. ಹಸಿರು ದೀಪ ಉರಿಯುವ ಗಾಜನ್ನು ಮುಚ್ಚಬಾರದು ಎಂಬಷ್ಟು ಎಚ್ಚರ ನನಗಿತ್ತು. ಆದ್ದರಿಂದ ಅದರ ಕೆಳಗಿನ ಕತ್ತಲೆಯ ಗಾಜಿನ ಮೇಲೆ ಇಟ್ಟೆ. ಎಣ್ಣೆಯಲ್ಲಿ ಕಲಸಿದ ಗಟ್ಟಿ ಕುಂಕುಮ. ಹದಿನಾರು ಬೊಟ್ಟು, ಒಂದೂ ಆಚೀಚೆ ಇಲ್ಲ.

"ಪ್ರಿಂಟ್ ಹೊಡೆದ ಹಾಗೆ ಉಂಟು" ಎಂದು ಭಾಸ್ಕರ್ ಸರ್ ಹೊಗಳಿದರು. ಯಾರೋ ಫೋಟೊ ತೆಗೆದರು. ಪೂಜೆಯ ಕುಂಕುಮವನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ನಾನೂ ಒರೆಸಲಿಲ್ಲ.

ಡಿಸ್ಕ್ ಕೆಟ್ಟರೆ ತಿಳಿಯಲು ದೀಪ ಒಂದೇ ದಾರಿಯಲ್ಲ ಎಂದು ನೀವು ಹೇಳಬಹುದು. ನಿಜ. ಪೆಟ್ಟಿಗೆ ಕಿರುಚುತ್ತದೆ. ಆದರೆ ಪಕ್ಕದ್ದು ಡಬ್ಬಿಂಗ್ ಕೋಣೆ. ಒಮ್ಮೆ ಸಾವಿನ ದೃಶ್ಯದ ಮಧ್ಯೆ ಕಿರುಚಿ ಕಲಾವಿದೆ ಬೆಚ್ಚಿಬಿದ್ದ ಮೇಲೆ ಆ ಸದ್ದನ್ನು ಬಂದ್ ಮಾಡಿದ್ದೆವು. ಮೇಲ್ ಬರುತ್ತದೆ. ಆದರೆ ಆ ತಿಂಗಳು ಆಫೀಸಿನ ಮೇಲ್ ವ್ಯವಸ್ಥೆ ಬದಲಾಗಿತ್ತು. ಪೆಟ್ಟಿಗೆಯಿಂದ ಮೇಲ್ ಬರುತ್ತಿದೆಯೇ ಎಂದು ಪರೀಕ್ಷಿಸುವುದನ್ನು ಹಬ್ಬದ ನಂತರ ಎಂದು ಮುಂದಕ್ಕೆ ಹಾಕಿದ್ದೆ. ವಾರಕ್ಕೊಮ್ಮೆ ಪೆಟ್ಟಿಗೆಯ ಸ್ಥಿತಿಯನ್ನು ಸ್ಕ್ರೀನಿನಲ್ಲಿ ತೆರೆದು ನೋಡಬೇಕು. ದಸರೆಯ ವಾರ ರಜೆಯಲ್ಲಿ ಹೋಯಿತು. ಮುಂದಿನ ವಾರ ದೀಪಾವಳಿ ವಿಶೇಷಗಳ ಗಡಿಬಿಡಿ. ಮೂರು ಕಾವಲುಗಾರರನ್ನೂ ಮಲಗಿಸಿ ನಾಲ್ಕನೆಯವನ ಕಣ್ಣಿಗೆ ನಾನೇ ಕುಂಕುಮ ಮೆತ್ತಿದ್ದೆ. ದಿನಾ ಬೆಳಿಗ್ಗೆ ಹದಿನಾರು ಹಸಿರು ನೋಡುತ್ತಿದ್ದೆ, ಹಳದಿ ಇಲ್ಲ ಎಂದು ಬರೆಯುತ್ತಿದ್ದೆ. ಸರಿ, ಸಹಿ.

ಪೂಜೆಯಾಗಿ ಎರಡು ವಾರ ಕಳೆದಿತ್ತು. ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಸವರಾಜ್ ಬಂದರು.

"ಮೇಡಂ, ಇವತ್ತ ಸ್ಟೋರೇಜ್ ಭಾಳ ಜಡ ಐತ್ರಿ. ಒಂದು ಶಾಟ್ ಒತ್ತಿದ್ರ ಚಹಾ ಕುಡಿದು ಬರಬಹುದು."

"ದೀಪ ಎಲ್ಲ ಸರಿ ಇದೆ. ನೋಡಿ ಬಂದೆ."

"ದೀಪ ಸರಿ ಇರಬಹುದ್ರೀ. ಶಾಟ್ ಬರವಲ್ದು."

ಕಂಪ್ಯೂಟರಿನ ಮುಂದೆ ಕೂತು ಸ್ಥಿತಿಯ ಪುಟ ತೆರೆದೆ. ಡಿಸ್ಕ್ ಏಳು: ಕೆಟ್ಟಿದೆ, ಪೂಜೆಯಾದ ಮೂರನೆಯ ದಿನದಿಂದ. ಡಿಸ್ಕ್ ಹನ್ನೆರಡು: ಕೆಟ್ಟಿದೆ, ಇವತ್ತು ಬೆಳಿಗ್ಗೆಯಿಂದ.

ಎದ್ದು ಹೋಗಿ ಪೆಟ್ಟಿಗೆಯ ಮುಂದೆ ನಿಂತೆ. ಎಲ್ಲ ಹಸಿರು. ಕಂಪ್ಯೂಟರೇ ಸುಳ್ಳು ಹೇಳುತ್ತಿದೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆಮೇಲೆ ಏಳನೆಯ ಡಿಸ್ಕಿನ ಬೊಟ್ಟನ್ನು ಉಗುರಿನಿಂದ ಕೆರೆದೆ. ಒಣಗಿದ ಕುಂಕುಮ ಚಕ್ಕೆಯಾಗಿ ಬಿತ್ತು. ಅದರ ಹಿಂದೆ ಹಳದಿ ದೀಪ ಉರಿಯುತ್ತಿತ್ತು. ಹನ್ನೊಂದು ದಿನಗಳಿಂದ ಉರಿಯುತ್ತಿತ್ತು.

ಬಸವರಾಜ್ ನನ್ನ ಹಿಂದೆಯೇ ನಿಂತಿದ್ದರು. "ಎಷ್ಟು ಹೋಗ್ಯಾವ್ರಿ?"

"ಎರಡು."

"ಮೂರನೇದು ಹೋದ್ರ?"

ಉತ್ತರ ಅವರಿಗೆ ಗೊತ್ತಿತ್ತು. "ನಿಮ್ಮದು ಮನೆಯಲ್ಲಿ ಇದೆಯಲ್ಲ, ಇನ್ನೊಂದು ಕಾಪಿ" ಎಂದೆ.

ಅವರು ನೆಲ ನೋಡಿದರು. "ಆ ಡಿಸ್ಕ್ ಲೋಕಲ್ ಟ್ರೇನ್‌ನಾಗ ಬ್ಯಾಗ್ ಸಮೇತ ಮ್ಯಾಲಿಂದ ಬಿತ್ರೀ. ಒಂದೂವರೆ ವರ್ಷ ಆತು. ಈಗ ಅದು ಹಚ್ಚಿದ್ರ ಟಿಕ್ ಟಿಕ್ ಅಂತೈತಿ, ಅಷ್ಟ. ಕ್ಯಾಮೆರಾದ ಕಾರ್ಡ್ ಬ್ಯಾರೇದವ್ರದು, ಅಳಿಸಿ ಕೊಟ್ಟೀನಿ."

"ಹಾಗಾದರೆ ಯಾಕೆ ಇದೆ ಅಂದಿರಿ?"

"ಇಲ್ಲಂದಿದ್ರ ನೀವು ಇಡಾಕ ಬಿಡ್ತಿರಲಿಲ್ಲ."

ನಾನು ಬಿಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಇದೆ ಎಂದ ಕಾಪಿಯನ್ನು ತೋರಿಸಿ ಎಂದು ಕೇಳಿದ್ದರೆ ಅಂದೇ ವಿಷಯ ಹೊರಬರುತ್ತಿತ್ತು. ಅದು ಮಾತ್ರ ಗೊತ್ತು. ಆ ಹೊತ್ತಿಗೆ ಮಲ್ಲಪ್ಪ ಕಾಕಾ ಅವರ ಮೂರು ವರ್ಷದ ಕೆಲಸ ಇಡೀ ಭೂಮಿಯ ಮೇಲೆ ಆ ಪೆಟ್ಟಿಗೆಯೊಂದರಲ್ಲೇ ಇತ್ತು.

ಭಾಸ್ಕರ್ ಸರ್ ಬಂದರು. ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಇಲ್ಲಿ ಹೊಸಬರು ಒಂದು ಮಾತು ಗಮನಿಸಬೇಕು. ಹೊಸ ಡಿಸ್ಕ್ ಹಾಕಿದ ತಕ್ಷಣ ಎಲ್ಲ ಸರಿಯಾಗುವುದಿಲ್ಲ. ಹೊಸದನ್ನು ತುಂಬಿಸಲು ಉಳಿದ ಹದಿನಾಲ್ಕೂ ಇಡೀ ದಿನ ಬಿಡುವಿಲ್ಲದೆ ದುಡಿಯಬೇಕು. ಅವೂ ಅದೇ ವಯಸ್ಸಿನವು, ಒಟ್ಟಿಗೆ ಬಂದವು. ಆ ದುಡಿತದಲ್ಲಿ ಇನ್ನೊಂದು ಕುಸಿಯುವ ಸಂಭವ ಹೆಚ್ಚು. ಅದಕ್ಕೆ ಮೊದಲು ಬೇರೆಲ್ಲೂ ಇಲ್ಲದ್ದನ್ನು ಹೊರಗೆ ತೆಗೆಯಬೇಕು.

"ಎಲ್ಲ ಕೋಣೆ ಬಂದ್ ಮಾಡಿಸು" ಎಂದರು. "ಯಾರೂ ಎಂಥದೂ ಮುಟ್ಟೂದು ಬೇಡ. ಈಗ ಹೇಳು, ಬ್ಯಾಕಪ್ ಇಲ್ಲದ್ದು ಎಂತೆಲ್ಲ ಉಂಟು?"

"ಇವತ್ತು ಬೆಳಗಿನ ಕೆಲಸ, ನಾಲ್ಕು ಕೋಣೆಯದು. ಅದು ಸಣ್ಣದು ಸರ್."

"ಮತ್ತೆ?"

ಬಸವರಾಜ್ ಬಾಗಿಲಲ್ಲಿ ನಿಂತಿದ್ದರು. ಹೇಳಿದರೆ ಅವರ ಕೆಲಸಕ್ಕೇ ಕುತ್ತು ಬರಬಹುದಿತ್ತು. ಹೇಳದಿದ್ದರೆ ಅದನ್ನು ಮೊದಲು ತೆಗೆಯಲು ಕಾರಣ ಇರುತ್ತಿರಲಿಲ್ಲ. ಅವರೇ ತಲೆ ಆಡಿಸಿದರು.

"ಮ್ಯೂಸಿಕ್ ರೆಫರೆನ್ಸ್ ಅಂತ ಒಂದು ಫೋಲ್ಡರ್" ಎಂದೆ.

ಭಾಸ್ಕರ್ ಸರ್ ಅದರ ಗಾತ್ರ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. "ಇಷ್ಟು ದೊಡ್ಡ ಮ್ಯೂಸಿಕ್ ಎಂಥದ್ದು ಮಾರಾಯ? ನೂರು ಆಟ ಯಕ್ಷಗಾನ ಉಂಟಾ ಇದರಲ್ಲಿ?"

"ಅಣ್ಣಾ, ಅದು ನನ್ನ ಪಿಕ್ಚರ್" ಎಂದರು ಬಸವರಾಜ್. "ತಪ್ಪಾತು. ಆಮ್ಯಾಲ ಬೇಕಾದ್ದು ಮಾಡ್ರಿ. ಮೊದಲ ಅದನ್ನ ತೆಗೀರಿ."

"ಇವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್" ಎಂದೆ. ಒಮ್ಮೆ ಶುರುವಾದ ಮೇಲೆ ಉಳಿದದ್ದನ್ನೂ ಹೇಳಿಬಿಡುವುದು ಸುಲಭ ಅನ್ನಿಸಿತು. "ಏಳನೆಯದು ಹೋಗಿ ಹನ್ನೊಂದು ದಿನ ಆಯಿತು. ಕಾಣಲಿಲ್ಲ. ದೀಪದ ಮೇಲೆ ಕುಂಕುಮ ಹಚ್ಚಿದ್ದು ನಾನು."

ಅವರು ಸಾಲಾಗಿದ್ದ ಹದಿನೈದು ಬೊಟ್ಟುಗಳನ್ನೂ ಕೆರೆದ ಒಂದನ್ನೂ ನೋಡಿದರು.

"ಹಚ್ಚು ಅಂದದ್ದು ನಾನು. ಚಂದ ಉಂಟು ಅಂದದ್ದೂ ನಾನು" ಎಂದರು. "ಚಲೋ, ಕಾಪಿಗೆ ಹಾಕು. ಮೊದಲು ಯಕ್ಷಗಾನ."

ಕಾಪಿ ಹಾಕಿದ್ದು ಹನ್ನೊಂದೂ ಮುಕ್ಕಾಲಿಗೆ. ಐದು ಗಂಟೆ ಬೇಕು ಎಂದು ಸ್ಕ್ರೀನ್ ತೋರಿಸಿತು. ಕೆಲಸವಿಲ್ಲದ ಎಡಿಟರುಗಳೆಲ್ಲ ಎದುರಿನ ಉಡುಪಿ ಹೋಟೆಲಿಗೆ ಹೋದರು. ಅವರಲ್ಲಿ ಕೆಲವರು ಹಗಲಿನಲ್ಲಿ ಅಂಧೇರಿಯ ರಸ್ತೆ ನೋಡಿ ವರ್ಷಗಳಾಗಿದ್ದವು ಎಂದು ತೋರುತ್ತದೆ, ತುಂಬ ಖುಷಿಯಲ್ಲಿದ್ದರು. ನಾನು ನೀರಿನಲ್ಲಿ ಬಟ್ಟೆ ಹಿಂಡಿ ಬೊಟ್ಟುಗಳನ್ನು ಒಂದೊಂದಾಗಿ ಒರೆಸಿದೆ. ಹನ್ನೆರಡನೆಯದರ ಕೆಳಗೂ ಹಳದಿ ಸಿಕ್ಕಿತು. ಉಳಿದ ಹದಿನಾಲ್ಕರ ಕೆಳಗೂ ಒಂದೊಂದೇ ಕತ್ತಲೆ ಕಂಡಾಗ ಆದ ಸಮಾಧಾನವನ್ನು ಹೇಗೆ ಹೇಳಲಿ? ಕತ್ತಲೆ ನೋಡಿ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಬಸವರಾಜ್ ಊಟಕ್ಕೆ ಹೋಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದರು. ಎರಡು ಗಂಟೆಗೆ ಮೂರನೆಯ ಡಿಸ್ಕಿನ ಹಳದಿ ದೀಪ ಒಮ್ಮೆ ಮಿಟುಕಿತು. ಮತ್ತೆ ಒಮ್ಮೆ. ಕಾಪಿಯ ಅಂಕಿ ನಿಂತುಬಿಟ್ಟಿತು.

"ಏನ್ರೀ ಅದು?"

"ಓದಲು ಕಷ್ಟಪಡುತ್ತಿದೆ."

"ನಿಲ್ಲಿಸಿ ಮತ್ತ ಹಚ್ಚೂಣೇನ್ರಿ?"

ಭಾಸ್ಕರ್ ಸರ್ ಕುಳಿತಲ್ಲಿಂದಲೇ ಕೈ ಎತ್ತಿದರು. "ಮುಟ್ಬೇಡಿ. ಅದು ಏದುಸಿರು ಬಿಡ್ತಾ ಉಂಟು. ಬಿಡ್ಲಿ."

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನಾನು ಗಡಿಯಾರ ನೋಡಲಿಲ್ಲ. ಬಸವರಾಜ್ ಅವರ ಫೋನ್ ಅಲುಗಿತು. ಕಾಕಾ. ಅವರು ಫೋನನ್ನು ಬೋರಲು ಹಾಕಿ ಅಂಗೈಯಿಂದ ಮುಚ್ಚಿದರು. ಅದು ಅಲುಗಿ ಅಲುಗಿ ನಿಂತಿತು. ಆಮೇಲೆ ಕಾಪಿಯ ಅಂಕಿ ಒಂದು ಹೆಜ್ಜೆ ಮುಂದೆ ಹೋಯಿತು, ಇನ್ನೊಂದು ಹೋಯಿತು, ಹಳದಿ ಮತ್ತೆ ಮಿಟುಕಲಿಲ್ಲ.

ಐದು ಗಂಟೆಗೆ ಮುಗಿಯಿತು. ಎರಡೂ ಕಡೆಯ ಫೈಲುಗಳು ಅಕ್ಷರಶಃ ಒಂದೇ ಎಂದು ತಾಳೆ ನೋಡುವ ಕ್ರಮ ಇದೆ, ಅದನ್ನೂ ಮಾಡಿದೆ. ಕೊನೆಗೆ ಕಣ್ಣಿನಿಂದಲೂ ನೋಡಬೇಕಲ್ಲ. ಬಸವರಾಜ್ ಒಂದು ಶಾಟ್ ತೆರೆದರು. ಎರಡು ಕೈಗಳು ಕಾಣಿಸಿದವು, ಎಣ್ಣೆ ಹಿಡಿದ ಉಗುರುಗಳು. ಹಿತ್ತಾಳೆಯ ತಕ್ಕಡಿಯ ಒಂದು ಬದಿ ಕೂದಲೆಳೆಯಷ್ಟು ಇಳಿದಿತ್ತು. ಆ ಕೈ ಇನ್ನೊಂದು ಬದಿಯ ತಳದ ಬಟ್ಟಲಿಗೆ ಸೀಸದ ಒಂದು ಚೂರು ಹಾಕಿತು. ಸಾಲಲಿಲ್ಲ. ಇನ್ನೊಂದು ಚೂರಿನ ಅರ್ಧ ಕತ್ತರಿಸಿ ಹಾಕಿತು. ಮುಳ್ಳು ಆಚೀಚೆ ತೂಗಿ ನಡುವೆ ಬಂದು ನಿಂತಿತು. ಕೈ ಒಂದಿಷ್ಟೂ ನಡುಗಲಿಲ್ಲ.

ಭಾಸ್ಕರ್ ಸರ್ ಪೂರ್ತಿ ನೋಡಿದರು. "ನಮ್ಮ ಅಜ್ಜನ ಅಂಗಡಿಯಲ್ಲಿ ಇಂಥದ್ದೇ ಇತ್ತು" ಎಂದರು. ಆಮೇಲೆ ಎದ್ದು ಬಾಗಿಲ ತನಕ ಹೋಗಿ ತಿರುಗಿದರು.

"ಬಸವರಾಜ, ನಾಳೆಯಿಂದ ಅದಕ್ಕೆ ಸರಿಯಾದ ಹೆಸರಿಡು. ಸುಳ್ಳು ಹೆಸರಿನ ಫೋಲ್ಡರಿಗೆ ನಾನು ಬ್ಯಾಕಪ್ ಕೊಡೂದಿಲ್ಲ."

ಮರುದಿನ ಅದರ ಹೆಸರು 'ತಕ್ಕಡಿ' ಎಂದಾಯಿತು. ಹೊಸ ಡಿಸ್ಕುಗಳು ಎರಡು ದಿನದಲ್ಲಿ ತುಂಬಿಕೊಂಡವು, ಮೂರನೆಯದನ್ನೂ ಆಮೇಲೆ ಬದಲಿಸಿದೆವು. ನಾನು ವರದಿ ಬರೆದೆ. ದೀಪ ಕಾಣದಿರಲು ಕಾರಣ ಎಂಬಲ್ಲಿ 'ಕುಂಕುಮ, ಹಚ್ಚಿದವರು ನಾನು' ಎಂದು ಬರೆದೆ. ಬಸವರಾಜ್ ಅವರ ಫೋಲ್ಡರಿನ ವಿಷಯವನ್ನೂ ಬಿಡಲಿಲ್ಲ. ಅದರ ಕೆಳಗೆ ಭಾಸ್ಕರ್ ಸರ್ 'ನನ್ನ ಒಪ್ಪಿಗೆ ಇದೆ' ಎಂದು ಬರೆದು, ತಾರೀಖು ಹಾಕದೆ ಸಹಿ ಮಾಡಿದರು. ಮಾಲೀಕರು ಅದನ್ನು ಎರಡು ಸಲ ಓದಿ, ಕಿರುಚುವ ಸದ್ದನ್ನು ಮತ್ತೆ ಚಾಲೂ ಮಾಡಿಸಿ ಎಂದರು. ಡಬ್ಬಿಂಗ್ ಕೋಣೆಗೆ ದಪ್ಪ ಬಾಗಿಲು ಬಂತು. ಮುಂದಿನ ಆಯುಧ ಪೂಜೆಗೆ ನಾನು ಪೆಟ್ಟಿಗೆಯ ಮೇಲ್ಭಾಗದಲ್ಲಿ ಬಿಳಿ ಟೇಪಿನ ಒಂದು ಚೌಕ ಅಂಟಿಸಿ 'ಕುಂಕುಮ ಇಲ್ಲಿ' ಎಂದು ಬರೆದಿದ್ದೆ. ಅಂದಿನಿಂದ ಅಲ್ಲೇ ಹಚ್ಚಿದರು.

ಉಳಿದ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಭಾಸ್ಕರ್ ಸರ್ ನಿಜವಾದ ನಿವೃತ್ತಿ ಪಡೆದರು. ಹೊರಡುವ ದಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಯಾರನ್ನೂ ಕರೆಯದೆ ಹೋದರು. ಎಡಿಟರುಗಳು ಮನೆಯಿಂದಲೇ ಕೆಲಸ ಮಾಡುವುದು ಹೆಚ್ಚಿತು. ಸ್ಟೋರೇಜ್ ಇಂಟರ್ನೆಟ್‌ನ ಆಚೆಗೆ, ನಾವು ನೋಡದ ಯಾವುದೋ ಊರಿನ ಯಾವುದೋ ಕಟ್ಟಡಕ್ಕೆ ಹೋಯಿತು. ಅಲ್ಲಿಯೂ ಯಾರೋ ದೀಪ ಎಣಿಸುತ್ತಿರಬೇಕು. ಅವರು ಯಾರೆಂದು ನಾವು ಕೇಳುವುದಿಲ್ಲ. ನಮ್ಮ ಪೆಟ್ಟಿಗೆಯನ್ನು ಖಾಲಿ ಮಾಡಿ ಮುಚ್ಚುವುದು ನನ್ನ ಕೊನೆಯ ಕೆಲಸವಾಯಿತು.

ಕೊನೆಯ ಶನಿವಾರದ ಪಟ್ಟಿಯನ್ನು ಪ್ಯಾಂಟ್ರಿಯ ಬಾಗಿಲಿಗೆ ಅಂಟಿಸಿದೆ. ಅದರಲ್ಲಿ 'ತಕ್ಕಡಿ' ಇತ್ತು. ಮೊದಲ ಸಲ. ಚಿತ್ರ ಮುಗಿದು, ಆಂಟಾಪ್ ಹಿಲ್‌ನ ಕಾಲನಿಯ ಹಾಲ್‌ನಲ್ಲಿ ಕಾಕಾ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ತೋರಿಸಿ, ಆಗಲೇ ನಾಲ್ಕು ತಿಂಗಳಾಗಿತ್ತು. ಶುಕ್ರವಾರದ ಖಾಲಿ ಫೈಲುಗಳು ನಿಂತು ತೊಂಬತ್ತು ದಿನ ದಾಟಿತ್ತು ಎಂದಾಯಿತು. ಮಧ್ಯಾಹ್ನ ನೋಡಿದರೆ ಅದರ ಮುಂದೆ 'ಅಳಿಸಿ' ಎಂಬಲ್ಲಿ ಬಸವರಾಜ್ ಗುರುತು ಹಾಕಿದ್ದರು.

ನಾನು ಏಳನೆಯ ಕೋಣೆಗೆ ಹೋದೆ. "ಇನ್ನೊಂದು ಕಾಪಿ?"

"ಮೂರು ಅದಾವ್ರಿ."

"ತೋರಿಸಿ."

ಅವರು ನಕ್ಕರು. ಸೋಮವಾರ ಮೂರನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. ಒಂದೊಂದನ್ನೂ ಹಚ್ಚಿ ತಾಳೆ ನೋಡಿದೆ. ಮೂರನೆಯದು ಆಂಟಾಪ್ ಹಿಲ್‌ನ ಮನೆಯದು, ಕಾಕಾ ಅವರ ಮಗಳ ಕಪಾಟಿನಲ್ಲಿ ಸೀರೆಗಳ ಮಧ್ಯೆ ಇಟ್ಟದ್ದು. ಅದರ ಬೆನ್ನ ಮೇಲೆ ಕುಂಕುಮದ ಒಂದು ಬೊಟ್ಟಿತ್ತು. ಗುಂಡಗಿರಲಿಲ್ಲ. ನಡುಗುವ ಬೆರಳು ಇಟ್ಟದ್ದು ಎಂದು ನೋಡಿದರೆ ತಿಳಿಯುತ್ತಿತ್ತು.

"ದೀಪಾ ಬಿಟ್ಟು ಹಚ್ಚ್ಯಾರ್ರೀ" ಎಂದರು ಬಸವರಾಜ್. "ನಾ ಮೊದಲ ಹೇಳೀನಿ."

'ತಕ್ಕಡಿ'ಯನ್ನು ಅಳಿಸಿದೆ. ಐದು ಗಂಟೆ ಹಿಡಿದು ಹೊರಗೆ ತೆಗೆದದ್ದು ಹೋಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಹದಿನಾರು ಹಸಿರು ದೀಪಗಳು ಒಮ್ಮೆ ಬೇಗ ಬೇಗ ಮಿಟುಕಿ ಸುಮ್ಮನಾದವು. ಹಳದಿ ಇರಲಿಲ್ಲ. ರಿಜಿಸ್ಟರ್ ತೆಗೆದು ತಾರೀಖು ಬರೆದೆ, ಫೋಲ್ಡರಿನ ಹೆಸರು ಬರೆದೆ. 'ಇನ್ನೊಂದು ಕಾಪಿ ಇದೆಯೇ?' ಎಂಬ ಖಾನೆಯಲ್ಲಿ, ಹನ್ನೊಂದು ವರ್ಷ 'ಇದೆ' ಎಂದು ಬರೆಯುತ್ತಿದ್ದ ಜಾಗದಲ್ಲಿ, 'ನೋಡಿದ್ದೇನೆ' ಎಂದು ಬರೆದು ಸಹಿ ಮಾಡಿದೆ.